ಶನಿವಾರದವರೆಗೆ ನೀರಿಲ್ಲ

ಆ ಅಂಗಳಕ್ಕೆ ವಾರದಲ್ಲಿ ಎರಡೇ ದಿನ ನೀರು. ಮಂಗಳವಾರ ಮತ್ತು ಶನಿವಾರ, ಬೆಳಗಿನ ಆರರಿಂದ ಏಳರವರೆಗೆ. ಸುತ್ತ ಐದು ಬಾಗಿಲು, ನಡುವೆ ಒಂದೇ ನಲ್ಲಿ. ಅಥೆನ್ಸಿಗೆ ಜರ್ಮನರು ಬಂದು ಮೂರನೆಯ ಚಳಿಗಾಲ ಅದು. ಜನ ಎಣ್ಣೆಯಿಲ್ಲದೆ ಬದುಕುವುದನ್ನು ಕಲಿತಿದ್ದರು, ಗೋಧಿಯಿಲ್ಲದೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ರೊಟ್ಟಿಯಲ್ಲಿ ಬದುಕುವುದನ್ನು ಕಲಿತಿದ್ದರು. ಈಗ ನೀರನ್ನು ಲೋಟದಲ್ಲಿ ಅಳೆಯುವುದನ್ನು ಕಲಿಯುತ್ತಿದ್ದರು.

ಎಲ್ಲರೂ ಗೌರವಕ್ಕೆ ಕಿರಾ ಎನ್ನುವ ಮನೆಯೊಡತಿ ಅನೆಜೊಳ ಪಾಲಿನ ನೀರು ಹಿಡಿಯುವುದು ಎವಾಂಥಿಯಾಳ ಕೆಲಸ. ಎರಡು ಮಣ್ಣಿನ ಹೂಜಿ, ಒಂದು ತಗಡಿನ ಬಕೆಟ್ಟು, ಒಂದು ಪಾತ್ರೆ. ಉಳಿದ ಹೊತ್ತಿನಲ್ಲಿ ಇಬ್ಬರೂ ಹಳೆಯ ಸ್ವೆಟರುಗಳನ್ನು ಬಿಚ್ಚಿ ಆ ಉಣ್ಣೆಯಿಂದ ಕಾಲುಚೀಲ ಹೆಣೆಯುತ್ತಿದ್ದರು. ಇದಕ್ಕೆ ಬದಲಾಗಿ ಅವಳಿಗೆ ಅಡುಗೆಮನೆಯ ಹಿಂದಿನ ಕೋಣೆ ಮತ್ತು ಎರಡು ಹೊತ್ತಿನ ಸಾರು. ಗುರುತಿನ ಚೀಟಿಯ ಪ್ರಕಾರ ಅವಳು ಎವಾಂಥಿಯಾ ಮಾರುದಿ, ವಯಸ್ಸು ಇಪ್ಪತ್ತಮೂರು, ಅವಿವಾಹಿತೆ, ಊರು ಕವಾಲಾ, ಅದನ್ನು ವಶಪಡಿಸಿಕೊಂಡ ಬಲ್ಗೇರಿಯನ್ನರ ಕಾಟ ತಾಳದೆ ಊರು ಬಿಟ್ಟು ಬಂದವಳು.

ಇದರಲ್ಲಿ ವಯಸ್ಸೊಂದೇ ನಿಜ.

ಅವಳು ಸಲೋನಿಕಾದ ಜೋಯಾ. ಯಹೂದಿ. ಗಂಡ ಸಾಬೆತಾಯ್‌ನನ್ನು ಉಳಿದ ಯಹೂದಿ ಗಂಡಸರೊಂದಿಗೆ ರಸ್ತೆ ಕೆಲಸಕ್ಕೆ ಎಳೆದುಕೊಂಡು ಹೋಗಿದ್ದರು. ಎರಡು ತಿಂಗಳಿಗೆ ಅವನ ಸೊಂಟಪಟ್ಟಿ ಮನೆಗೆ ಬಂತು, ಅವನು ಬರಲಿಲ್ಲ. ಮರುವರ್ಷದ ಮಾರ್ಚಿನಲ್ಲಿ ಅಪ್ಪ, ಅಮ್ಮ, ತಂಗಿ ರೈಲು ಹತ್ತಿದರು. ಪೋಲೆಂಡಿಗೆ, ಕೆಲಸಕ್ಕೆ ಎಂದರು. ಜೋಯಾಳನ್ನು ರೈಲ್ವೆಯವನೊಬ್ಬ ಬೇರೆ ರೈಲಿನ ಸಾಮಾನು ಡಬ್ಬಿಯಲ್ಲಿ ಕೂರಿಸಿ ದಕ್ಷಿಣಕ್ಕೆ ಕಳಿಸಿದ. ಒಬ್ಬರಿಗೆ ಮಾತ್ರ ಜಾಗವಿತ್ತು. ಆ ವಿಷಯವನ್ನು ಅವಳು ಅಲ್ಲಿಂದ ಮುಂದಕ್ಕೆ ಯೋಚಿಸುತ್ತಿರಲಿಲ್ಲ.

ಕವಾಲಾವನ್ನು ಅವಳು ಕಂಡವಳೇ ಅಲ್ಲ. ಕಂಡವರಿಂದ ಕೇಳಿ ಕಲಿತಿದ್ದಳು: ಬಂದರು ಎಲ್ಲಿ, ತಂಬಾಕಿನ ಉಗ್ರಾಣಗಳು ಎಲ್ಲಿ, ಸಂತೆ ಯಾವ ದಿನ. ಶಿಲುಬೆಯ ಗುರುತು ಮಾಡುವಾಗ ಮೂರು ಬೆರಳು ಕೂಡಿಸಿ ಮೊದಲು ಬಲಭುಜ, ಆಮೇಲೆ ಎಡಭುಜ. ಪ್ರಾರ್ಥನೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದಳು. ಓದಿದ್ದು ಗ್ರೀಕರ ಶಾಲೆಯಲ್ಲಾದ್ದರಿಂದ ಅವಳ ಮಾತಿನಲ್ಲಿ ಸಲೋನಿಕಾದ ಯಹೂದಿಗಳ ಎಳೆತ ಇರಲಿಲ್ಲ. ಆದರೂ ಮಲಗುವ ಮುಂಚೆ ಬೂಟುಗಳ ತುದಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಡುತ್ತಿದ್ದಳು. ಓಡಬೇಕಾಗಿ ಬಂದರೆ ಕಾಲು ಹುಡುಕಬಾರದು.

ಅಕ್ಟೋಬರಿನಲ್ಲಿ ಬೀದಿ ಕೊನೆಯ ಗೋಡೆಗೆ ಕಾಗದ ಅಂಟಿಸಿದ್ದರು. ಯಹೂದಿಗಳು ಐದು ದಿನದೊಳಗೆ ಹೆಸರು ಬರೆಸಬೇಕು, ಅವರನ್ನು ಅಡಗಿಸಿಟ್ಟವರಿಗೆ ಗುಂಡು. ಕಾಗದ ಮಳೆಗೆ ಹರಿದು ಹೋಗಿತ್ತು. ಆಜ್ಞೆ ಹರಿದಿರಲಿಲ್ಲ.

ಎದುರು ಬಾಗಿಲಿನ ಉರಾನಿಯಾ ಪ್ರಶ್ನೆಗಳ ಹೆಂಗಸು. ಗಂಡ ಪೆರಿಕ್ಲಿಸ್ ಯಾವುದೋ ಕಚೇರಿಯಲ್ಲಿ ಗುಮಾಸ್ತ, ಸದಾ ಟೋಪಿ. ಮಕ್ಕಳಿಲ್ಲ. ಉರಾನಿಯಾ ಹೊತ್ತು ಕಳೆಯುವುದು ಹೊಸಿಲ ಮೇಲೆ, ಪೊರಕೆ ಹಿಡಿದುಕೊಂಡು. ಆ ಪೊರಕೆ ಗುಡಿಸಿದ್ದಕ್ಕಿಂತ ಒರಗಿದ್ದೇ ಹೆಚ್ಚು.

"ನಿಮ್ಮ ಕವಾಲಾದಲ್ಲಿ ಮೀನು ಹೇಗೆ ಮಾಡ್ತಾರೆ, ಹುಡುಗಿ?"

"ಸಿಕ್ಕಿದ್ರೆ ತಿಂತಾರೆ, ಕಿರಾ ಉರಾನಿಯಾ."

"ಅಯ್ಯೋ ನಿನ್ನ ನಾಲಿಗೆಯೇ! ಮದ್ವೆ ಯಾಕೆ ಆಗ್ಲಿಲ್ಲ ಅಂತ ಈಗ ಗೊತ್ತಾಯ್ತು."

ಉರಾನಿಯಾಳ ಭಯ ಜೋಯಾಳಿಗೆ ಒಂದು ಮಟ್ಟಕ್ಕೆ ಮಾತ್ರ. ಕೇಳುವವರಿಗೆ ಸುಳ್ಳು ಹೇಳಬಹುದು. ಕೇಳದವರಿಗೆ ಏನು ಹೇಳುವುದು? ಕಿರಾ ಅನೆಜೊ ನಾಲ್ಕು ತಿಂಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತಂದೆಯ ಹೆಸರೇನು, ಒಡಹುಟ್ಟಿದವರೆಷ್ಟು, ಕಾಗದ ಪತ್ರ ಬರುವುದಿಲ್ಲವೇ, ಊಹೂಂ. ನಾಕ್ಸೊಸ್ ದ್ವೀಪದ ಹೆಂಗಸು, ಅರವತ್ತು ದಾಟಿದವಳು, ಮೈತುಂಬ ಕಪ್ಪು ಬಟ್ಟೆ. ಮೊದಲನೆಯ ಚಳಿಗಾಲದ ಹಸಿವಿನಲ್ಲಿ ಗಂಡ ಯಾಕುಮಿಸ್ ಹೋಗಿದ್ದ, ಹದಿನೈದು ದಿನಕ್ಕೆ ಮಗನೂ ಹೋಗಿದ್ದ. ಜೋಯಾ ಬಂದ ದಿನವೇ ಅವಳ ಪಡಿತರದ ರೊಟ್ಟಿ ಚೀಟಿಯನ್ನು ಇಸಿದುಕೊಂಡು, ಮಡಿಸಿ, ಎದೆಯೊಳಗೆ ಇಟ್ಟುಕೊಂಡಿದ್ದಳು. "ನನ್ನ ಹತ್ರ ಇರ್ಲಿ, ಕಳೀತೀಯ" ಎಂದಿದ್ದಳು. ಚೀಟಿಯಿಲ್ಲದೆ ಆ ಊರಿನಲ್ಲಿ ಮೂರು ದಿನ ಬದುಕುವುದು ಕಷ್ಟ. ಕಾಳಜಿಯೋ, ಕೊರಳ ಹಗ್ಗವೋ, ಜೋಯಾಳಿಗೆ ತಿಳಿಯದು. ಕೇಳದೆ ಇರುವವರು ಎರಡು ಬಗೆ. ತಿಳಿಯುವುದೇ ಬೇಡ ಎನ್ನುವವರು ಒಂದು, ಆಗಲೇ ಗೊತ್ತಿರುವವರು ಇನ್ನೊಂದು.

ನಲ್ಲಿಯ ಪಕ್ಕದ ಬಾಗಿಲಿನಲ್ಲಿ ಎಲ್ಲರ ಬಾರ್ಬಾ, ಅಂದರೆ ತಾತ, ಲಿನಾರ್ದೊಸ್ ಇದ್ದ. ಹಡಗುಗಳಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವನು. ಈಗ ಮಾಡಲು ಅಡುಗೆಯೂ ಇಲ್ಲ, ತಿನ್ನಲು ಹಲ್ಲೂ ಇಲ್ಲ. ದಿನಾ ಬೆಳಿಗ್ಗೆ ಕೋಲಿನಿಂದ ಬಾಗಿಲನ್ನು ಒಳಗಿನಿಂದ ಬಡಿದು ಕೂಗುತ್ತಿದ್ದ: "ಇವತ್ತೂ ಸಾಯ್ಲಿಲ್ಲ, ಎಲ್ರೂ ಕ್ಷಮಿಸ್ಬೇಕು!" ಉರಾನಿಯಾ ಅಲ್ಲಿಂದಲೇ ಉತ್ತರಿಸುತ್ತಿದ್ದಳು: "ನಾಳೆ ನೋಡೋಣ ಬಿಡು, ಬಾರ್ಬಾ!" ಆಮೇಲೆ ಇಡೀ ಅಂಗಳ ಎದ್ದು ಕೂರುತ್ತಿತ್ತು.

ಫೆಬ್ರವರಿಯ ಆ ಬುಧವಾರ ಕೋಲಿನ ಸದ್ದು ಕೇಳಲಿಲ್ಲ.

ಎಂಟಾಯಿತು, ಒಂಬತ್ತಾಯಿತು. ಅನೆಜೊ ಹೆಣಿಗೆ ಕೆಳಗಿಟ್ಟು ಎದ್ದು ಹೋದಳು. ಜೋಯಾ ಅಡುಗೆಮನೆಯಲ್ಲಿ ನೆನೆಹಾಕಿದ್ದ ಒಂದು ಹಿಡಿ ಕಡಲೆಯನ್ನು ನೋಡುತ್ತಿದ್ದಳು. ಅಂಗಳದ ಆಚೆಯಿಂದ ಅನೆಜೊಳ ದನಿ ಬಂತು. ಕೂಗಲ್ಲ. ಒಂದೇ ಎಳೆಯ, ಮೇಲೇರಿ ಇಳಿಯುವ, ಹೆಣದ ಮುಂದೆ ಮಾತ್ರ ಹೊರಡುವ ಸ್ವರ.

ಆಮೇಲೆ ನಡೆದದ್ದನ್ನು ಜೋಯಾ ತಾನು ಮಾಡಿದೆ ಎಂದು ಹೇಳಲಾರಳು. ಕೈಗಳು ಮಾಡಿದವು. ಮೊದಲು ಒಂದು ಹೂಜಿ, ಆಮೇಲೆ ಇನ್ನೊಂದು. ಹೊಸಿಲಿಗೆ ತಂದು ಬಗ್ಗಿಸಿ ಕಲ್ಲಿನ ಮೇಲೆ ಸುರಿದವು. ಬಕೆಟ್ಟು ಸುರಿದವು. ಪಾತ್ರೆ ಸುರಿದವು. ಕಡಲೆಯನ್ನು ಬೆರಳಲ್ಲಿ ತಡೆದು ಅದರ ನೀರನ್ನೂ ಸುರಿದವು. ಕಿಟಕಿಯಲ್ಲಿದ್ದ ಅರ್ಧ ಲೋಟವನ್ನೂ ಬಿಡಲಿಲ್ಲ.

ಸಾಬೆತಾಯ್‌ನ ಸೊಂಟಪಟ್ಟಿ ಬಂದ ದಿನ ಅಮ್ಮ ಹೀಗೆಯೇ ಮಾಡಿದ್ದಳು. ಅಳುವುದಕ್ಕೂ ಮುಂಚೆ, ಬಟ್ಟೆ ಹರಿದುಕೊಳ್ಳುವುದಕ್ಕೂ ಮುಂಚೆ, ಮನೆಯ ನೀರೆಲ್ಲ ಬೀದಿಗೆ. ಸಾವಿನ ದೂತ ತನ್ನ ಚೂರಿಯನ್ನು ಹತ್ತಿರದ ನೀರಿನಲ್ಲಿ ತೊಳೆದು ಹೋಗುತ್ತಾನೆ, ಆ ನೀರನ್ನು ಕುಡಿಯಬಾರದು. ಅಜ್ಜಿ ಸತ್ತಾಗಲೂ ಹಾಗೆ. ಪಕ್ಕದ ಮನೆಯಲ್ಲಿ ಯಾರು ಸತ್ತರೂ ಹಾಗೆ. ನೀರು ಬೀದಿಯಲ್ಲಿ ಹರಿಯುವುದನ್ನು ಕಂಡರೆ ಸಾಕು, ಸುದ್ದಿಯನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಈಗ ನೀರು ಕಲ್ಲಿನ ಸಂದಿನಲ್ಲಿ ಹಾದಿ ಮಾಡಿಕೊಂಡು ನೇರವಾಗಿ ಹೋಗಿ ಉರಾನಿಯಾಳ ಹೊಸಿಲಿಗೆ ತಗುಲಿತು.

ಉರಾನಿಯಾ ಪೊರಕೆ ಹಿಡಿದು ನಿಂತಿದ್ದಳು. ನೀರನ್ನು ನೋಡಿದಳು. ನೀರು ಬಂದ ದಾರಿಯನ್ನು ಕಣ್ಣಿನಲ್ಲಿ ಹಿಡಿದು ಜೋಯಾಳ ಕಾಲಿನವರೆಗೆ ಬಂದಳು.

"ಏನೇ ಇದು? ಶನಿವಾರದ ತನಕ ನೀರಿಲ್ಲ. ತಲೆ ಕೆಟ್ಟಿದ್ಯಾ?"

"ಕೈ ಜಾರ್ತು, ಕಿರಾ ಉರಾನಿಯಾ."

"ಎರಡು ಹೂಜಿ, ಒಂದು ಬಕೆಟ್ಟು, ಒಂದು ಪಾತ್ರೆ. ನಾಲ್ಕು ಸಲ ಜಾರ್ತಾ? ನಿಂಗೇನು ಎಂಟು ಕೈಯಾ?"

ಜೋಯಾಳ ಕೈಯಲ್ಲಿ ಇನ್ನೂ ಖಾಲಿ ಲೋಟವಿತ್ತು. ಅದನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ಉರಾನಿಯಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅವಳು ಪೊರಕೆ ಬಿಟ್ಟದ್ದನ್ನು ಜೋಯಾ ಅದೇ ಮೊದಲು ನೋಡಿದ್ದು.

"ನನ್ನ ನಾದಿನಿ ಸಲೋನಿಕಾದಲ್ಲಿ ಇದ್ಲು," ಎಂದಳು ಉರಾನಿಯಾ ನಿಧಾನವಾಗಿ. "ಯಹೂದಿಗಳ ಬೀದಿ ಪಕ್ಕದಲ್ಲೇ. ನಾನೂ ಒಂದ್ಸಲ ಹೋಗಿದ್ದೆ. ಅವ್ರಲ್ಲಿ ಯಾರಾದ್ರೂ ಸತ್ರೆ ಮನೇಲಿರೋ ನೀರೆಲ್ಲ ಹೊರಗೆ. ಲಂಗ ಎತ್ಕೊಂಡು ದಾಟ್ಬೇಕಾಗಿತ್ತು ನಾವು. ನಿಮ್ಮ ಕವಾಲಾದಲ್ಲೂ ಹಾಗೇನಾ?"

ಉಳಿದ ಎರಡು ಬಾಗಿಲುಗಳೂ ತೆರೆದವು. ಚಮ್ಮಾರನ ಹೆಂಡತಿ ತಲೆ ಹಾಕಿದಳು. ದರ್ಜಿ ಕೆಲಸದ ಮುದುಕಿ ಸೂಜಿ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದಳು. ಎಲ್ಲರೂ ನೆಲದ ಮೇಲಿನ ನೀರನ್ನು ನೋಡಿದರು. ಆ ದಿನಗಳಲ್ಲಿ ಅಷ್ಟು ನೀರು ನೆಲದ ಮೇಲಿರುವುದೆಂದರೆ ರಕ್ತ ಇದ್ದ ಹಾಗೆ.

"ನಾನೇ ಹೇಳಿದ್ದು."

ಅನೆಜೊ ಸತ್ತವನ ಬಾಗಿಲಲ್ಲಿ ನಿಂತಿದ್ದಳು. ತಲೆವಸ್ತ್ರ ಜಾರಿ ಬಿಳಿ ಕೂದಲು ಕಾಣುತ್ತಿತ್ತು.

"ಏನು ಹೇಳಿದ್ದು?" ಎಂದಳು ಉರಾನಿಯಾ.

"ನೀರು ಚೆಲ್ಲು ಅಂತ. ಬೆಳಿಗ್ಗೇನೇ ಹೇಳಿದ್ದೆ, ಆ ಮುದುಕ ಏಳಲಿಲ್ಲ ಅಂದ್ರೆ ನೀರು ಚೆಲ್ಲಿಬಿಡು ಅಂತ. ನಮ್ಮ ನಾಕ್ಸೊಸ್‌ನಲ್ಲಿ ಹಾಗೆ. ಜೀವ ತೆಗೆದೋನು ಚೂರಿ ಎಲ್ಲಿ ತೊಳೀತಾನೆ? ನಿನ್ನ ಹೂಜೀಲಿ ತೊಳೀತಾನೆ. ಬೇಕಾದ್ರೆ ಕುಡಿ ನೀನು."

ಉರಾನಿಯಾ ಬಿಡುವವಳಲ್ಲ. "ನಿನ್ನ ಗಂಡ ಸತ್ತಾಗ ಚೆಲ್ಲಲಿಲ್ಲವಲ್ಲ. ನಾನು ಇಲ್ಲೇ ಇದ್ದೆ."

ಇಷ್ಟೇ, ಇನ್ನು ಮುಗಿಯಿತು ಎಂದುಕೊಂಡಳು ಜೋಯಾ. ಸುಳ್ಳು ಹಿಡಿದು ನಿಂತ ಗೋಡೆ ಬಿತ್ತು.

"ಚೆಲ್ಲಲಿಲ್ಲ," ಎಂದಳು ಅನೆಜೊ. "ಅಥೆನ್ಸಿನೋರು ನಗ್ತಾರೆ ಅಂತ ಸುಮ್ನಿದ್ದೆ. ಹದಿನೈದು ದಿನಕ್ಕೆ ಮಗ ಹೋದ. ಇನ್ನೂ ಕೇಳ್ಬೇಕಾ?"

ದರ್ಜಿ ಮುದುಕಿ ಬಾಯಿಂದ ಸೂಜಿ ತೆಗೆದು ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು.

ಅನೆಜೊ ಒಂದೊಂದೇ ಬಾಗಿಲ ಕಡೆ ಕೈ ತೋರಿಸಿದಳು. "ನಿಮ್ದೂ ಇದೆಯಲ್ಲ ಒಳಗೆ. ಅವನ ಬಾಗಿಲಿಗೆ ಹತ್ತು ಹೆಜ್ಜೆ. ಗಂಡ ಮಕ್ಕಳು ಬೇಕು ಅನ್ನೋರು ಚೆಲ್ಲಿ. ಬೇಡ ಅನ್ನೋರು ಇಟ್ಕೊಳ್ಳಿ, ನಂಗೇನು."

ಚಮ್ಮಾರನ ಹೆಂಡತಿಗೆ ಮೂರು ಸಣ್ಣ ಮಕ್ಕಳು. ಅವಳೇ ಮೊದಲು ಒಳಗೆ ಹೋಗಿ ಕೊಡ ತಂದು ಕಣ್ಣು ಮುಚ್ಚಿ ಸುರಿದಳು. ದರ್ಜಿ ಮುದುಕಿ ತನ್ನ ಚೊಂಬನ್ನು ತಂದಳು. ಉರಾನಿಯಾ ಹೊಸಿಲ ಮೇಲೆ ತುಟಿ ಕಚ್ಚಿಕೊಂಡು ನಿಂತಿದ್ದಳು. ಪೆರಿಕ್ಲಿಸ್‌ಗೆ ಜನವರಿಯಿಂದ ಕೆಮ್ಮು. ಇಡೀ ಅಂಗಳಕ್ಕೆ ಅದು ಕೇಳುತ್ತಿತ್ತು, ಉರಾನಿಯಾ ಮಾತ್ರ ಶೀತ ಎನ್ನುತ್ತಿದ್ದಳು. ಕೊನೆಗೆ ಅವಳೂ ಒಳಗೆ ಹೋದಳು. ಬಕೆಟ್ಟು ತಂದಳು. ಸುರಿಯುವಾಗ ನೀರನ್ನು ನೋಡಲಿಲ್ಲ, ಜೋಯಾಳನ್ನೇ ನೋಡುತ್ತಿದ್ದಳು.

ಯಾರ ನೀರು ಯಾವುದು ಎಂದು ಇನ್ನು ಹೇಳುವಂತಿರಲಿಲ್ಲ. ಎಲ್ಲವೂ ಒಂದಾಗಿ ಮೋರಿಗೆ ಹರಿಯಿತು.

"ನೀನು ಬಾ ಒಳಗೆ," ಎಂದಳು ಅನೆಜೊ. "ಹೆಣ ತೊಳೀಬೇಕು."

ಬಾರ್ಬಾ ಲಿನಾರ್ದೊಸ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಮುನಿಸಿಕೊಂಡವನ ಹಾಗೆ. ನೀರಿಲ್ಲದ್ದರಿಂದ ಅನೆಜೊ ಹಬ್ಬಕ್ಕೆಂದು ಕಾದಿರಿಸಿದ್ದ ದ್ರಾಕ್ಷಾರಸ ತಂದಿದ್ದಳು. ಇಬ್ಬರೂ ಅವನನ್ನು ತಿರುಗಿಸಿದರು. ಅನೆಜೊ ಬಟ್ಟೆ ಅದ್ದಿ ಹಣೆ ಒರೆಸಿದಳು. ಜೋಯಾ ಕೈಗಳನ್ನು ಒರೆಸಿದಳು. ಮುದುಕನ ಅಂಗೈಯಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು.

ಒರೆಸುತ್ತಲೇ ಜೋಯಾ ಕೇಳಿದಳು, "ನಾಕ್ಸೊಸ್‌ನಲ್ಲಿ ನಿಜವಾಗ್ಲೂ ಹಾಗೇ ಮಾಡ್ತಾರಾ, ಕಿರಾ ಅನೆಜೊ?"

ಅನೆಜೊ ತಲೆ ಎತ್ತಲಿಲ್ಲ. "ನಿನ್ನ ಕವಾಲಾ ಎಷ್ಟು ನಿಜಾನೋ ಅಷ್ಟೇ ನಿಜ."

ಜೋಯಾಳ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಒರೆಸು," ಎಂದಳು ಅನೆಜೊ. "ಉಗುರಿನ ಸಂದಿ ಒರೆಸು. ಅಡುಗೆಯೋನು, ಕೈ ಕೊಳಕಿದ್ರೆ ಅಲ್ಲೂ ಸೇರಿಸ್ಕೊಳ್ಳಲ್ಲ."

ಅಂದರೆ ಗೊತ್ತಿದೆ. ಎಂದಿನಿಂದ? ಗೊತ್ತಿದ್ದೂ ಏಕೆ ಇಟ್ಟುಕೊಂಡಳು? ಅಡಗಿಸಿಟ್ಟವರಿಗೆ ಗುಂಡು ಎಂದು ಗೋಡೆಯ ಮೇಲೆ ಬರೆದಿತ್ತು. ಅಷ್ಟು ದೊಡ್ಡ ಅಪಾಯವನ್ನು ಯಾರೂ ಸುಮ್ಮನೆ ಮನೆಯಲ್ಲಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಏನಾದರೂ ಬೆಲೆ ಕಟ್ಟಿರುತ್ತಾರೆ. ಇವಳು ಕಟ್ಟಿರುವುದೇನು? ನೀರು ಹೊರುವ ಒಂದು ಜೊತೆ ಕೈ? ಇಲ್ಲವೇ, ಕಾದು ನೋಡಿ ಬೇಕಾದಾಗ ಕೊಟ್ಟುಬಿಡುವ ಒಂದು ಹೆಸರೋ? ಹಿತವಾದ ಮಾತಾಡುವವರನ್ನು ಅಳೆಯುವುದು ಜೋಯಾಳಿಗೆ ಗೊತ್ತಿತ್ತು. ಮಾತೇ ಆಡದವಳನ್ನು ಅಳೆಯಲು ಕೋಲಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುದುಕನಿಗೆ ಅವನ ಹಳೆಯ ಹಡಗಿನ ಕೋಟು ತೊಡಿಸಿ ಮೇಜಿನ ಮೇಲೆ ಮಲಗಿಸಿದರು. ಬೀದಿಯ ಕಹಿ ಕಿತ್ತಳೆ ಮರದಿಂದ ಎಲೆ ಕಿತ್ತು ತಂದು ಸುತ್ತ ಇಟ್ಟರು. ಹೂವಿರಲಿಲ್ಲ. ಹೆಂಗಸರು ಗೋಡೆಯ ಬದಿಗೆ ಕುಳಿತರು. ಊಟಕ್ಕೆ ಬಂದಿದ್ದ ಪೆರಿಕ್ಲಿಸ್ ಬಾಗಿಲಲ್ಲಿ ನಿಂತು ಟೋಪಿ ತೆಗೆದ, ಶಿಲುಬೆ ಎಳೆದುಕೊಂಡ. ಉರಾನಿಯಾ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಅವನು ಒಮ್ಮೆ ತಿರುಗಿ ಕೋಣೆಯೊಳಗೆ ನೋಡಿದ. ಕೆಮ್ಮಿದ. ಟೋಪಿ ಹಾಕಿಕೊಂಡು ಬೀದಿಬಾಗಿಲು ದಾಟಿ ಎಡಕ್ಕೆ ತಿರುಗಿದ.

ಅವನ ಕಚೇರಿ ಇರುವುದು ಬಲಕ್ಕೆ.

ಎಡಕ್ಕೆ ಹೋದರೆ ಚೌಕ. ಚೌಕದಲ್ಲಿ ಪೊಲೀಸ್ ಠಾಣೆ. ಅದರಾಚೆ ಜರ್ಮನರು ವಶಪಡಿಸಿಕೊಂಡ ಹೋಟೆಲು.

ಜೋಯಾ ಎದ್ದಳು. ನೂಕಲಿಲ್ಲ, ಓಡಲಿಲ್ಲ. ಮೇಣದಬತ್ತಿ ತರುವವಳ ಹಾಗೆ ತನ್ನ ಕೋಣೆಗೆ ನಡೆದಳು. ಒಂದು ಒಳಲಂಗ, ಒಂದು ಬಾಚಣಿಗೆ, ಸಾಬೆತಾಯ್‌ನ ಸೊಂಟಪಟ್ಟಿ. ಗಂಟು ಕಟ್ಟಲು ಎರಡು ನಿಮಿಷ ಸಾಕಾಯಿತು. ಬೂಟುಗಳು ಕಾಲಿನಲ್ಲೇ ಇದ್ದವು. ತಿರುಗಿದರೆ ಬಾಗಿಲಲ್ಲಿ ಅನೆಜೊ.

"ಎಲ್ಲಿಗೆ?"

"ನನ್ನ ರೊಟ್ಟಿ ಚೀಟಿ ಕೊಡಿ."

"ಹೆಣ ಇರೋ ಮನೆಯಿಂದ ಎದ್ದು ಹೋದೋರ್ನ ಜನ ಮೂರು ವರ್ಷ ಆಡ್ಕೊಳ್ತಾರೆ."

"ಚೀಟಿ ಕೊಡಿ, ಕಿರಾ ಅನೆಜೊ."

ಇವಳು ಹೊತ್ತು ಕಳೆಯುತ್ತಿದ್ದಾಳೆ, ಅವನು ಬರುವವರೆಗೆ ತಡೆಯುತ್ತಿದ್ದಾಳೆ ಎಂದುಕೊಂಡಳು ಜೋಯಾ. ಚೀಟಿ ಇಲ್ಲದೆಯೇ ಓಡಬೇಕು. ಮುದುಕಿಯನ್ನು ತಳ್ಳಬೇಕಾದರೂ ಸರಿ. ಕೈ ಮುಂದಕ್ಕೆ ಬಂದಿತ್ತು.

ಅನೆಜೊ ಎದೆಯೊಳಗೆ ಕೈ ಹಾಕಿ ಚೀಟಿಯನ್ನು ತೆಗೆದಳು. ಮೈಯ ಬಿಸಿಗೆ ಅದು ಮೆತ್ತಗಾಗಿತ್ತು. ಜೋಯಾಳ ಅಂಗೈಯಲ್ಲಿಟ್ಟಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಹಿಂದಿನ ಓಣಿಯಿಂದ ಹೋಗು. ಮುಂದೆ ಉರಾನಿಯಾ ಕೂತಿದ್ದಾಳೆ." ಒಂದು ಗಳಿಗೆ ನಿಂತು ಸೇರಿಸಿದಳು, "ಹೋದ್ರೆ ಅವಳು ಅಂದಿದ್ದು ನಿಜ ಆಗತ್ತೆ. ಇದ್ರೆ, ಗೊತ್ತಿಲ್ಲ. ನಿನ್ನಿಷ್ಟ."

ಅಷ್ಟು ಹೇಳಿ ಅವಳು ಹೆಣದ ಕೋಣೆಗೆ ಹಿಂತಿರುಗಿದಳು. ತಿರುಗಿ ನೋಡಲಿಲ್ಲ.

ಜೋಯಾ ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಗಂಟು ಹಿಡಿದು ನಿಂತಳು. ಹಿಂದಿನ ಓಣಿಯ ಬಾಗಿಲಿನ ಚಿಲಕ ತೆಗೆದೇ ಇತ್ತು. ಅದನ್ನು ತೆಗೆದಿಟ್ಟವರು ಯಾರು? ಓಣಿಯ ತುದಿಯಲ್ಲಿ ಯಾರಾದರೂ ಕಾದಿದ್ದರೆ? ಹೋಗು ಎಂದು ಹೇಳಿದ್ದೇ ಬಲೆಯಾಗಿದ್ದರೆ? ಆದರೆ ಹಿಡಿದುಕೊಡುವವಳು ಚೀಟಿ ಏಕೆ ಕೊಡುತ್ತಾಳೆ? ಲೆಕ್ಕ ಯಾವ ಕಡೆಯಿಂದ ಮಾಡಿದರೂ ಒಂದು ಉಳಿಯುತ್ತಿತ್ತು: ಕೊರಳ ಹಗ್ಗ ಎಂದುಕೊಂಡದ್ದು ಈಗ ಅವಳದೇ ಅಂಗೈಯಲ್ಲಿತ್ತು. ಬಿಚ್ಚಿಕೊಟ್ಟವಳು ಬಾಗಿಲೂ ಬಿಟ್ಟು ಹೋಗಿದ್ದಳು.

ಅವಳು ಗಂಟನ್ನು ಹಾಸಿಗೆಯ ಕೆಳಗೆ ತಳ್ಳಿದಳು. ಚೀಟಿಯನ್ನು ಬೂಟಿನೊಳಗೆ ಇಟ್ಟುಕೊಂಡಳು. ಅಂಗಳ ದಾಟಿ ಹೋಗಿ ಬಾರ್ಬಾ ಲಿನಾರ್ದೊಸ್‌ನ ಕಾಲ ಬಳಿ, ಉರಾನಿಯಾಳ ಎದುರಿಗೆ ಕುಳಿತಳು.

ಒಂದು ಗಂಟೆ ಕಳೆಯಿತು. ದರ್ಜಿ ಮುದುಕಿ ತೂಕಡಿಸಿದಳು. ಬೀದಿಯಲ್ಲಿ ಹೆಜ್ಜೆ ಸದ್ದಾಯಿತು. ಒಬ್ಬರದಲ್ಲ, ಮೂವರದು. ಅವುಗಳಲ್ಲಿ ಎರಡು ಜೊತೆ ಭಾರವಾದ ಬೂಟು. ಬೀದಿಬಾಗಿಲು ತಳ್ಳಿದ ಸದ್ದು. ಪೆರಿಕ್ಲಿಸ್‌ನ ಕೆಮ್ಮು. "ಇಲ್ಲೇ, ಇಲ್ಲೇ ಬನ್ನಿ, ಒಳಗಿದ್ದಾರೆ," ಎಂದಿತು ಅವನ ದನಿ.

ಜೋಯಾ ಅನೆಜೊಳನ್ನು ನೋಡಿದಳು. ಅನೆಜೊಳ ಮುಖ ಬಣ್ಣಗೆಟ್ಟಿತ್ತು. ಮಡಿಲಲ್ಲಿದ್ದ ಅವಳ ಕೈ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಹಾಗಾದರೆ ಇವಳಿಗೂ ಹೆದರಿಕೆ. ನಾಲ್ಕು ತಿಂಗಳಲ್ಲಿ ಜೋಯಾಳಿಗೆ ಅವಳ ಬಗ್ಗೆ ಖಚಿತವಾಗಿ ತಿಳಿದದ್ದು ಇದೊಂದೇ.

ಬಾಗಿಲಲ್ಲಿ ಇಬ್ಬರು ಗಂಡಸರು ಕಾಣಿಸಿಕೊಂಡರು. ಅವರ ಹೆಗಲ ಮೇಲೆ ಶವಪೆಟ್ಟಿಗೆ ಇತ್ತು.

"ಬಾಡಿಗೆ ಪೆಟ್ಟಿಗೆ," ಎಂದ ಪೆರಿಕ್ಲಿಸ್ ಬೆವರು ಒರೆಸಿಕೊಳ್ಳುತ್ತ. "ಸ್ಮಶಾನದಲ್ಲಿ ವಾಪಸ್ ಕೊಡ್ಬೇಕು. ಇದಕ್ಕೇ ಮೂರು ಕಡೆ ಅಲೆದೆ. ಸಾಯೋರು ಜಾಸ್ತಿ, ಪೆಟ್ಟಿಗೆ ಕಮ್ಮಿ."

"ಪಾಪ, ಜೀವಮಾನ ಎಲ್ಲಾ ಬೇರೆಯೋರ ಹಡಗಲ್ಲೇ ಓಡಾಡ್ದ," ಎಂದಳು ದರ್ಜಿ ಮುದುಕಿ. "ಇದೂ ಬೇರೆಯೋರ್ದೇ."

ಯಾರೋ ನಕ್ಕರು. ಆಮೇಲೆ ಎಲ್ಲರೂ ಅತ್ತರು. ಜೋಯಾಳಿಗೆ ಎರಡೂ ಬರಲಿಲ್ಲ.

ಪೆರಿಕ್ಲಿಸ್ ಪೆಟ್ಟಿಗೆಯ ತುದಿ ಹಿಡಿಯುತ್ತ ಅವಳ ಕಡೆ ತಿರುಗಿದ. "ನೀನು ಕವಾಲಾದವಳಲ್ವಾ? ನಮ್ಮ ಕಚೇರೀಲಿ ಕವಾಲಾದವನೊಬ್ಬ ಇದ್ದಾನೆ. ಊರಿನೋರು ಸಿಕ್ಕಿದ್ರೆ ಖುಷಿ ಪಡ್ತಾನೆ. ಒಂದಿನ ಕರ್ಕೊಂಡು ಬರ್ತೀನಿ."

ಅವನ ಕಣ್ಣಲ್ಲಿ ಉಪಕಾರವಿತ್ತೋ ಬೇರೇನೋ, ಟೋಪಿಯ ನೆರಳಲ್ಲಿ ಕಾಣಲಿಲ್ಲ. "ಆಗ್ಲಿ, ಕಿರ್ ಪೆರಿಕ್ಲಿಸ್," ಎಂದಳು ಜೋಯಾ.

ಗುರುವಾರ ಮತ್ತು ಶುಕ್ರವಾರ ಇಡೀ ಅಂಗಳ ಚರ್ಚಿನ ಹಿಂದಿನ ಬಾವಿಯ ನೀರು ಕುಡಿಯಿತು. ಉಪ್ಪುಪ್ಪು, ಪಾಚಿಯ ವಾಸನೆ. ಚಮ್ಮಾರನ ಮಕ್ಕಳು ಮುಖ ಕಿವುಚಿಕೊಂಡು ಕುಡಿದವು. ಯಾರೂ ಅನೆಜೊಳನ್ನು ಬೈಯಲಿಲ್ಲ. ಆದರೆ ಉರಾನಿಯಾ ಎರಡು ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅದು ಜೋಯಾಳಿಗೆ ಉಪ್ಪುನೀರಿಗಿಂತ ಕಷ್ಟವಾಯಿತು.

ಶನಿವಾರ ಬೆಳಿಗ್ಗೆ ಆರಕ್ಕೆ ನಲ್ಲಿ ಗೊರಗೊರ ಎಂದಿತು. ಎಲ್ಲರೂ ಸಾಲು ನಿಂತಿದ್ದರು. ಅನೆಜೊ ಎರಡು ಲೋಟಗಳನ್ನು ಹಿಡಿದುಕೊಂಡು ಬಂದು, ಸಾಲನ್ನು ದಾಟಿ, ಮೊದಲ ನೀರು ಹಿಡಿದಳು. ಯಾರೂ ತಡೆಯಲಿಲ್ಲ. ಸತ್ತವನ ಕಿಟಕಿಯಲ್ಲಿ ನಲವತ್ತು ದಿನ ಒಂದು ಲೋಟ ನೀರಿಡಬೇಕು, ಆತ್ಮ ಬಾಯಾರಿ ಬರುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಲೋಟವನ್ನು ಅವಳು ಲಿನಾರ್ದೊಸ್‌ನ ಕಿಟಕಿಯಲ್ಲಿಟ್ಟಳು.

ಇನ್ನೊಂದನ್ನು ತಂದು ಜೋಯಾಳ ಕೋಣೆಯ, ಅಂಗಳಕ್ಕೆ ಕಾಣುವ ಕಿಟಕಿಯಲ್ಲಿಟ್ಟಳು.

ಜೋಯಾಳ ಹತ್ತಿರ ಹಾದುಹೋಗುವಾಗ ಅವಳಿಗಷ್ಟೇ ಕೇಳುವಂತೆ ಹೇಳಿದಳು, "ಆವತ್ತು ನೀನು ಚೆಲ್ಲಿದ್ದು ಆ ಮುದುಕನಿಗಲ್ಲ. ಬಾಗಿಲಿಂದ ನಿನ್ನ ಕೈ ನೋಡ್ತಿದ್ದೆ." ಮತ್ತೆ ಒಳಗೆ ಹೋಗಿಬಿಟ್ಟಳು.

ಉರಾನಿಯಾಳ ಬಕೆಟ್ಟು ನಲ್ಲಿಯ ಕೆಳಗಿತ್ತು. ಅವಳು ಒಂದು ಕಿಟಕಿಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಎರಡನೇದು ಯಾರ್ದು?"

ಮೂರು ದಿನದ ಮೇಲೆ ಬಂದ ಮೊದಲ ಪ್ರಶ್ನೆ. ಅನೆಜೊ ಈ ಸಲ ಬಾಗಿಲಿಗೆ ಬರಲಿಲ್ಲ. ಬೇಕೆಂದೇ ಬರಲಿಲ್ಲವೋ, ಅಥವಾ ಅವಳ ಕೈಲಿ ಆಗುವುದು ಅಷ್ಟೇ ಇತ್ತೋ.

ಜೋಯಾಳ ಬಾಯಲ್ಲಿ ಸಿದ್ಧವಾದ ಸುಳ್ಳುಗಳಿದ್ದವು. ಕಿರಾ ಅನೆಜೊಳ ಗಂಡನದು ಎನ್ನಬಹುದಿತ್ತು. ನನಗೇ ಕುಡಿಯಲು ಎನ್ನಬಹುದಿತ್ತು.

"ನಮ್ಮೂರಲ್ಲಿ ಸತ್ತೋರ್ದು," ಎಂದಳು.

"ಕವಾಲಾದಲ್ಲಾ? ಯಾರು ಸತ್ರು?"

"ಎಲ್ರೂ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ರೈಲು ಹತ್ತಿದವರ ಬಗ್ಗೆ ಆ ಮಾತನ್ನು ಅವಳು ಇದುವರೆಗೆ ಮನಸ್ಸಿನಲ್ಲೂ ಆಡಿಕೊಂಡಿರಲಿಲ್ಲ. ಅಪ್ಪ ಟೋಪಿ ಕೈಯಲ್ಲಿ ಹಿಡಿದಿದ್ದ. ತಂಗಿ ಕಿಟಕಿಯಿಲ್ಲದ ಡಬ್ಬಿಯಲ್ಲಿ ಕಿಟಕಿ ಹುಡುಕುತ್ತಿದ್ದಳು. ಅವರಿಗಾಗಿ ಯಾರೂ ಎಲ್ಲಿಯೂ ನೀರು ಚೆಲ್ಲಿರಲಿಲ್ಲ.

ಉರಾನಿಯಾ ಬಹಳ ಹೊತ್ತು ಅವಳ ಮುಖವನ್ನು ನೋಡಿದಳು. ಬಕೆಟ್ಟು ತುಂಬಿ ಚೆಲ್ಲತೊಡಗಿತ್ತು. ಅವಳು ಅದನ್ನು ಪಕ್ಕಕ್ಕೆ ಎಳೆದುಕೊಂಡಳು. ಅವಳ ಇನ್ನೊಂದು ಪಾತ್ರೆ ಖಾಲಿಯೇ ಇತ್ತು.

"ಹಿಡ್ಕೋ ನೀನು," ಎಂದಳು. "ಏಳಕ್ಕೆ ನಿಂತೋಗತ್ತೆ."

ಜೋಯಾ ಬಗ್ಗಿ ಹೂಜಿಯನ್ನು ನಲ್ಲಿಗೆ ಹಿಡಿದಳು. ಉರಾನಿಯಾ ಹೋಗಲಿಲ್ಲ, ಪಕ್ಕದಲ್ಲೇ ನಿಂತಿದ್ದಳು. ಹೂಜಿ ಕಂಠದವರೆಗೆ ತುಂಬುವ ತನಕವೂ ಜೋಯಾ ಅವಳಿಗೆ ಬೆನ್ನು ಹಾಕಲಿಲ್ಲ.